ನಡುವಿನ ಕುರ್ಚಿ

ಕಿವಿ ಚುರುಕಾಗಿರುವ ಗಂಡಸನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಇದು ನನ್ನ ಹೆಂಡತಿ ಸರೋಜಾಳ ಅಭಿಪ್ರಾಯ. ಎಂಬತ್ತರ ದಶಕದ ಒಂದು ಭಾನುವಾರದಿಂದ ಈಚೆಗೆ ನನ್ನದೂ ಅದೇ. ಮೂಗು ಚುರುಕಾದವನು ಹೆಚ್ಚೆಂದರೆ ಸಾರು ಹಳಸಿದೆ ಎಂದು ಹೇಳಿ ಬೈಸಿಕೊಂಡಾನು. ಕಣ್ಣು ಚುರುಕಾದವನು ಪಕ್ಕದ ಮನೆಯ ಹೊಸ ಪರದೆ ನೋಡಿ ಹೊಟ್ಟೆ ಉರಿಸಿಕೊಂಡಾನು. ಕಿವಿ ಚುರುಕಾದವನು ಮಾತ್ರ ಎದುರಿಗಿದ್ದವರು ಏನು ಹೇಳುತ್ತಿದ್ದಾರೆ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ.

ನನ್ನ ಕಿವಿಗೆ ಹೆಸರು ಬಂದದ್ದು ಸಂಗೀತದಿಂದಲ್ಲ, ಕಾಗದದಿಂದ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನನ್ನದು ಪರೀಕ್ಷೆಯ ವಿಭಾಗ. ಯಂತ್ರದಿಂದ ಇಳಿದ ಹಾಳೆಯ ಮೂಲೆ ಹಿಡಿದು ಕಿವಿಯ ಹತ್ತಿರ ಕುಲುಕಿದರೆ ಅದು ತನ್ನ ಜಾತಕವನ್ನೆಲ್ಲ ಹೇಳಿಬಿಡುತ್ತದೆ. ಹದವಾಗಿ ಒಣಗಿದ್ದರೆ ಖರ್ ಎಂದು ಗದರುತ್ತದೆ, ತೇವ ಉಳಿದಿದ್ದರೆ ನೆಗಡಿಯಾದವರಂತೆ ಮಂಕಾಗಿ ಮಾತಾಡುತ್ತದೆ. ಅಳೆಯುವ ಉಪಕರಣಗಳಿದ್ದರೂ ನಮ್ಮ ಹಿರಿಯ ಅಧಿಕಾರಿಗಳು ಮೊದಲು ನನ್ನ ಕಿವಿಯನ್ನೇ ಕೇಳುತ್ತಿದ್ದರು. ಕಾಗದವನ್ನು ಇಷ್ಟು ಚೆನ್ನಾಗಿ ಕೇಳುವವನು ಸಂಗೀತವನ್ನು ಇನ್ನೆಷ್ಟು ಚೆನ್ನಾಗಿ ಕೇಳಬೇಡ ಎಂದು ಕಾಲನಿಯವರು ತೀರ್ಮಾನಿಸಿದರು. ನಾನೇನು ಬೇಡವೆನ್ನಲಿಲ್ಲ. ಹೊಗಳಿಕೆಯ ವಿಷಯದಲ್ಲಿ ನನ್ನ ಪರೀಕ್ಷೆ ಯಾವತ್ತೂ ಸಡಿಲವೇ.

ಗಲ್ಫಿನಿಂದ ಬಂದ ನೆರೆಮನೆಯವರು ಮತ್ತೆ ಅಲ್ಲಿಗೇ ಹೊರಟಾಗ ತಮ್ಮ ಸ್ಟೀರಿಯೋ ನನಗೆ ಕೊಟ್ಟುಹೋದರು. ಅಲ್ಲಿಂದ ನನ್ನ ತಲೆ ಪೂರ್ತಿ ಕೆಟ್ಟಿತು. ಹಳೆಯ ಗ್ರಾಮಫೋನ್ ಪ್ಲೇಟುಗಳ ಹಾಡನ್ನು ತೊಳೆದು, ಒರಸಿ, ಕರಕರ ಸದ್ದು ತೆಗೆದು, ಹೊಸ ಲಾಂಗ್‌ಪ್ಲೇ ರೆಕಾರ್ಡಿನಲ್ಲಿ ಮಾರುತ್ತಿದ್ದ ಕಾಲ ಅದು. ಹಳಿಯಾಳದಿಂದ, ಜೋಯಿಡಾದಿಂದ, ಅಪರೂಪಕ್ಕೆ ಮುಂಡಗೋಡಿನಿಂದಲೂ ಜನ ರೆಕಾರ್ಡು ಬಗಲಲ್ಲಿಟ್ಟುಕೊಂಡು ಬಂದು, ತೊಳೆದದ್ದು ಸರಿಯಾಗಿದೆಯೋ ಇಲ್ಲವೋ ಎಂದು ನನ್ನಿಂದ ತೀರ್ಪು ಪಡೆಯುತ್ತಿದ್ದರು. ಪಡಸಾಲೆಯ ಎರಡು ಮೂಲೆಗೆ ಎರಡು ಸ್ಪೀಕರ್ ಪೆಟ್ಟಿಗೆ, ಎರಡಕ್ಕೂ ಸಮದೂರದಲ್ಲಿ ಒಂದು ಕುರ್ಚಿ. ಕುರ್ಚಿಯ ಕಾಲಿನ ಜಾಗಕ್ಕೆ ಸೀಮೆಸುಣ್ಣದ ಗುರುತು. ಅಲ್ಲಿ ಕೂತವನಿಗೆ ಸಂಗೀತ, ಉಳಿದವರಿಗೆ ಬರೀ ಸದ್ದು. ಅಲ್ಲಿ ಕೂರುತ್ತಿದ್ದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಸರೋಜಾ ಒಮ್ಮೆ ಅದರ ಮೇಲೆ ಕೂತು ಕೊತ್ತಂಬರಿ ಸೋಸಿದ್ದಕ್ಕೆ ನಾನು ಮಾಡಿದ ರಂಪ ನೆನೆದರೆ ಈಗ ನನಗೇ ನಾಚಿಕೆ.

ಹೀಗಿರುವಾಗ ಆ ಭಾನುವಾರ ಹಳಿಯಾಳದಿಂದ ಸರೋಜಾಳ ಕಾಕಾ, ಅವರ ಹೆಂಡತಿ ಚಿಗವ್ವ ಬಂದರು. ಕಾಕಾನದು ಪೇಟೆಯಲ್ಲಿ ಬೆಲ್ಲದ ಅಂಗಡಿ. ಮಾತೆಂದರೆ ಅವರಿಗೆ ವ್ಯಾಪಾರಕ್ಕೆ ಬೇಕಾದಷ್ಟೇ. ಚಿಗವ್ವ ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ಹಾಡು ಕಲಿತವರು. ಒಂದೇ ಒಂದು ಶಿವಸ್ತುತಿ ಪ್ಲೇಟಿನಲ್ಲೂ ಬಂದಿತ್ತಂತೆ. ಹಾಡುವ ಸೊಸೆ ಎಂದರೆ ನಾಲ್ಕು ಜನ ಏನಂದಾರು ಎಂದು ಅತ್ತೆಮನೆಯಲ್ಲಿ ಹಾಡು ನಿಂತಿತು. ಕಾಕಾ ಬೇಡವೆನ್ನಲಿಲ್ಲ, ಹಾಡು ಎಂದೂ ಅನ್ನಲಿಲ್ಲ. ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲವಾದ್ದರಿಂದ ಆ ಪ್ಲೇಟು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಕೂತು ಕೂತು ಒಂದು ದಿನ ಒಡೆದೇ ಹೋಯಿತು. ಈಗ ಅದೇ ಹಾಡು ತೊಳೆದ ರೆಕಾರ್ಡಿನಲ್ಲಿ ಬಂದಿದೆ ಎಂದು ಹುಬ್ಬಳ್ಳಿಯ ಪೇಟೆಯಲ್ಲಿ ಯಾರೋ ಹೇಳಿದ್ದಾರೆ. ಕಾಕಾ ತಾವಾಗಿಯೇ ಅದನ್ನು ಕೊಂಡು, ಧೋತರದಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಹೆಂಡತಿಯ ಹಾಡನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲು.

ಒಳಗೆ ಚಹಾ ಕುದಿಯುವಾಗ ಚಿಗವ್ವ ತನಗೆ ಹೇಳಿದ್ದನ್ನು ಸರೋಜಾ ಬಂದು ನನ್ನ ಕಿವಿಯಲ್ಲಿ ಊದಿದಳು. "ಇಷ್ಟು ವರ್ಷಕ್ಕ ಅವರ ಬಾಯಾಗಿಂದ ಒಂದು ಮಾತು ಬರ್ತೈತೇನೋ ನೋಡಬೇಕವಾ" ಅಂದರಂತೆ. ಹಾಗೆ ಹೇಳಿ ಸರೋಜಾ, ಸ್ವಲ್ಪ ನಿಮ್ಮ ಪಂಡಿತಿಕೆ ಕಡಿಮೆ ಮಾಡಿ ಎಂದು ಎಚ್ಚರಿಸಿದಳು. ನಾನು ಆಯಿತೆಂದೆ. ಆಮೇಲೆ ಹೋಗಿ ನಡುವಿನ ಕುರ್ಚಿಯಲ್ಲಿ ಕೂತೆ.

ಏನು ಮಾಡಲಿ, ರೂಢಿ. ಕಾಕಾ ಬಲಗಡೆಯ ಪೆಟ್ಟಿಗೆಯ ಪಕ್ಕ ಮಂಚದ ತುದಿಯಲ್ಲಿ ಟೊಪ್ಪಿಗೆ ತೆಗೆದು ಕೂತರು. ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತರು. ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದೆ. ಹಾಡು ಎದ್ದಿತೋ ಇಲ್ಲವೋ, ಮುಳ್ಳು ಎತ್ತಿ, ಕರಕರ ಹೇಗೆ ಮಾಯವಾಗಿದೆ ನೋಡಿ ಎಂದೆ. ಮತ್ತೆ ಇಳಿಸಿ, ಮತ್ತೆ ಎತ್ತಿ, ತೊಳೆಯುವ ಭರದಲ್ಲಿ ನಾದದ ಅಂಚೂ ಸವೆದಿದೆ ಎಂದು ವಿವರಿಸಿದೆ. ಕಾಕಾ ಪ್ರತಿ ಸಲವೂ ಹೂಂ ಎಂದರು, ಬೀಗರ ಮನೆಯಲ್ಲಿ ಕಹಿ ಪಲ್ಯ ಉಣ್ಣುವವರ ಹಾಗೆ. ಆಮೇಲೆ ನನಗೆ ಇನ್ನೊಂದು ಗುಟ್ಟು ಸಿಕ್ಕಿತು. ಹಳೆಯ ಹಾಡಿಗೆ ಸ್ಟೀರಿಯೋ ಎಂಬ ಹೆಸರು ಕೊಡಲು ಅದನ್ನು ಸೀಳಿ, ದಪ್ಪ ನಾದವನ್ನೆಲ್ಲ ಬಲಗಡೆಯ ಪೆಟ್ಟಿಗೆಗೂ ಸಣ್ಣ ನಾದವನ್ನೆಲ್ಲ ಎಡಗಡೆಯದಕ್ಕೂ ಹಂಚಿಬಿಟ್ಟಿದ್ದರು. ಕಳ್ಳನನ್ನು ಹಿಡಿದವನಂತೆ ಹಿಗ್ಗಿದೆ. ಆ ಹಿಗ್ಗಿನಲ್ಲೇ ಕಣ್ಣು ಮುಚ್ಚಿ ಉಳಿದ ಹಾಡನ್ನು ಪೂರ್ತಿ ಓಡಲು ಬಿಟ್ಟೆ.

ಹಾಡು ಮುಗಿಯಿತು. ನಾನು ತೀರ್ಪಿಗೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸರೋಜಾ ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಿ, ಹೇಗಿತ್ತು ಕಾಕಾ ಎಂದು ಕೇಳಿದಳು. ಕಾಕಾ ಟೊಪ್ಪಿಗೆಯನ್ನು ಕೈಯಲ್ಲಿ ತಿರುವಿದರು. ಬಾಗಿಲಲ್ಲಿ ಚಿಗವ್ವ ಅಲುಗಾಡಲಿಲ್ಲ.

"ತಬಲಾ ಭಾಳ ಚಂದ ಬಾರಿಸ್ಯಾನ" ಎಂದರು ಕಾಕಾ. "ಹಾಡಾವರು ಮಾತ್ರ ಎಲ್ಲೋ ದೂರ ಕುಂತಂಗ ಕೇಳ್ತು."

ಬಲಗಡೆಯ ಪೆಟ್ಟಿಗೆಯ ಬುಡದಲ್ಲಿ ಕೂತ ಮನುಷ್ಯನಿಗೆ ಇನ್ನೇನು ಕೇಳಬೇಕು? ಆ ಪೆಟ್ಟಿಗೆಯ ಪಾಲಿಗೆ ಬಂದದ್ದೇ ತಬಲಾ. ಹೆಂಗಸಿನ ದನಿಯೆಲ್ಲ ಎಡಗಡೆಯಿಂದ ಹೊರಟು ನನ್ನ ಕುರ್ಚಿಯವರೆಗೆ ಬಂದು ನಿಂತಿತ್ತು. ಪಾಪ, ಕಾಕಾ ಕೇಳಿದ್ದನ್ನು ಪ್ರಾಮಾಣಿಕವಾಗಿ ಹೇಳಿದ್ದರು. ನಾನು ಎದ್ದು, ಇಲ್ಲಿ ಬನ್ನಿ ಕಾಕಾ, ಈ ಕುರ್ಚಿಯಲ್ಲಿ ಕೂತು ಇನ್ನೊಂದು ಸಲ ಕೇಳಿ ಎಂದು ಅವರ ಕೈ ಹಿಡಿದೆ. ಅಷ್ಟರಲ್ಲಿ ಚಿಗವ್ವ, ಆಯಿತಲ್ಲ, ಒಂದು ಸಲ ಕೇಳಿದ್ದಾಯಿತಲ್ಲ ಎಂದು ಹೇಳಿ ಒಳಗೆ ಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಕಾಕಾ ಹೆಂಡತಿ ಹೋದ ದಿಕ್ಕನ್ನೇ ನೋಡಿ, ಆಮೇಲೆ ಕುರ್ಚಿಯನ್ನು ನೋಡಿ, ಕೂರಲು ಧೈರ್ಯವಾಗದೆ ಮಂಚದಲ್ಲೇ ಉಳಿದರು. ಊಟದ ಹೊತ್ತಿಗೆ ಎಲ್ಲರೂ ಊರ ಪಕ್ಕದ ಮೌಳಂಗಿಯ ಹೊಳೆಯಲ್ಲಿ ನೀರು ಎಷ್ಟು ಬಂದಿದೆ ಎಂಬ ಬಗ್ಗೆ ಬಹಳ ಶ್ರದ್ಧೆಯಿಂದ ಮಾತಾಡಿದೆವು.

ಸಂಜೆ ಅವರನ್ನು ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದೆ. ರೆಕಾರ್ಡನ್ನು ನನ್ನ ಮನೆಯಲ್ಲೇ ಬಿಟ್ಟಿದ್ದರು. ಅವರಲ್ಲಿ ಹಚ್ಚಲು ಯಂತ್ರವಾದರೂ ಎಲ್ಲಿತ್ತು? ಕಾಕಾ ಸೀಟು ಹಿಡಿಯಲು ಮೊದಲೇ ಬಸ್ಸು ಹತ್ತಿದರು. ಚಿಗವ್ವ ಕೆಳಗೆ ನನ್ನ ಜೊತೆ ನಿಂತಿದ್ದವರು, "ಅಳಿಯಂದ್ರ, ಆ ಪೆಟ್ಟಗಿ ಸುದ್ದಿ ಇರ್ಲಿ. ನಾ ಹೆಂಗ ಹಾಡಿದ್ದೆ?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ಕರಕರ ಹೇಗೆ ಮಾಯವಾಗಿದೆ, ಅಂಚು ಎಲ್ಲಿ ಸವೆದಿದೆ, ಎಲ್ಲಿ ಸೀಳಿದ್ದಾರೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಹಾಡಿನ ಒಂದು ಸಾಲೂ ಇರಲಿಲ್ಲ. ಆ ಹಾಡು ಕೇಳಲು ಲೋಕದಲ್ಲೇ ಅತಿ ಒಳ್ಳೆಯ ಜಾಗದಲ್ಲಿ ಕೂತೂ ನಾನು ಅದನ್ನು ಕೇಳಿರಲಿಲ್ಲ. ಭಾಳ ಚಲೋ ಹಾಡೀರಿ ಎಂದೆ. ನನ್ನ ಕಿವಿಗೇ ಅದು ತೇವದ ಕಾಗದದಂತೆ ಕೇಳಿಸಿತು. ಚಿಗವ್ವ ನನ್ನ ಮುಖ ನೋಡಿ ಸಣ್ಣಗೆ ನಕ್ಕರು.

"ಇರ್ಲಿ ಬಿಡ್ರಿ. ನಿಮ್ಮ ಕಾಕಾ ಖರೇನ ಹೇಳ್ಯಾರ" ಎಂದರು. "ಅವತ್ತ ಪ್ಲೇಟಿಗೆ ನಾ ಹಾಡೂವಾಗ ಕಿವಿಗೊಟ್ಟು ಕೇಳಿದಾಂವ ಆ ತಬಲಾದಾಂವ ಒಬ್ಬಾಂವನ. ಅದಕ್ಕ ಅಷ್ಟು ಚಂದ ಬಾರಿಸ್ಯಾನ."

ಬಸ್ಸು ಹೊರಟಿತು. ಕಾಕಾ ಕಿಟಕಿಯಿಂದ ಕೈ ಮಾಡಿದರು.

ಆ ರೆಕಾರ್ಡು ಈಗಲೂ ನಮ್ಮ ಮನೆಯಲ್ಲಿದೆ. ಅದರ ಧ್ವನಿಯ ಗುಣಮಟ್ಟದ ಬಗ್ಗೆ ನಿಮಗೆ ಸಂದೇಹವಿದ್ದರೆ ನನ್ನನ್ನು ಕೇಳಿ, ವಿವರವಾಗಿ ಹೇಳುತ್ತೇನೆ. ಹಾಡು ಹೇಗಿದೆ ಎಂದು ತಿಳಿಯಬೇಕಿದ್ದರೆ ಮಾತ್ರ ಸರೋಜಾಳನ್ನು ಕೇಳಬೇಕು. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅದನ್ನು ಪೂರ್ತಿ ಕಲಿತುಕೊಂಡಿದ್ದಾಳೆ. ಅವಳು ಗುನುಗುವಾಗ ನಾನು ಈಚೆ ಕೂತು ಹಾಡಿನ ಕಡೆಗೇ ಮನಸ್ಸಿಡಲು ಪ್ರಯತ್ನಿಸುತ್ತೇನೆ, ದೇವರಾಣೆಗೂ ಪ್ರಯತ್ನಿಸುತ್ತೇನೆ. ಆದರೆ ರೊಟ್ಟಿಯ ಸದ್ದು ಸ್ವಲ್ಪ ಜಾಸ್ತಿ.