ಮೂರನೇ ಪಾರ್ಕಿಂಗ್‌ನ ಜೌಗು

ಯಾವ ನೌಕರನ ಹೆಸರಿನಲ್ಲಿ ಒಂದಾದರೂ ಪದ ಬಾಕಿ ಇದೆಯೋ ಆತನನ್ನು ಬೇರೆ ಊರಿಗೆ ವರ್ಗ ಮಾಡತಕ್ಕದ್ದಲ್ಲ. ಜಪಾನಿನ ನಗೋಯಾದ ಹೊರವಲಯದಲ್ಲಿ ಕಾರಿನ ಬಾಗಿಲುಗಳಿಗೆ ಕೀಲು ತಯಾರಿಸುವ ಕಂಪನಿಯೊಂದರ ‘ಪದ ಏಕರೂಪತಾ ವಿಭಾಗ’ದ ನಿಯಮಾವಳಿಯಲ್ಲಿ ಇದು ಒಂಬತ್ತನೆಯ ನಿಯಮ. ನಿಯಮ ಸರಿಯಾಗಿಯೇ ಇದೆ. ಪದವನ್ನು ಅರ್ಧಕ್ಕೆ ಬಿಟ್ಟು ನೌಕರ ಹೊರಟುಹೋದರೆ ಅದರ ಅರ್ಥಕ್ಕೆ ಹೊಣೆ ಯಾರು?

ಮೈಸೂರಿನ ಲಿಂಗರಾಜು ಈ ಕಂಪನಿಯಲ್ಲಿ ಆರು ವರ್ಷದಿಂದ ಎಂಜಿನಿಯರ್. ಹೆಂಡತಿ ಅಪರ್ಣಾ ದೂರದ ಕಾಶಿವಾ ನಗರದ ವಿಶ್ವವಿದ್ಯಾಲಯದಲ್ಲಿ ಕೆರೆ, ನದಿಗಳ ನೀರನ್ನು ಪರೀಕ್ಷಿಸುವ ಸಂಶೋಧಕಿ. ಎಂಟು ವರ್ಷದ ಮಗಳು ಲಾಸ್ಯಾ ತಾಯಿಯ ಜೊತೆ ಅಲ್ಲಿಯೇ ಇದ್ದಳು. ಲಿಂಗರಾಜು ತಿಂಗಳಿಗೆ ಎರಡು ಸಲ ಶಿಂಕಾನ್ಸೆನ್ ರೈಲು ಹತ್ತಿ ಹೋಗಿಬರುತ್ತಿದ್ದ. ಮಾರ್ಚ್ ತಿಂಗಳ ಒಂದು ಶನಿವಾರ ಬಾಗಿಲು ತೆರೆದ ಮಗಳು ಸೊಂಟ ಬಗ್ಗಿಸಿ, “ಇರಾಶ್ಶಾಯ್‌ಮಾಸೆ” ಎಂದಳು. ಬೀದಿಬದಿಯ ಕೊಂಬಿನಿ ಅಂಗಡಿಗೆ ಗಿರಾಕಿ ಕಾಲಿಟ್ಟಾಗ ಅಲ್ಲಿನವರು ಕೂಗುವ ಸ್ವಾಗತ ಅದು. ಮಗು ತಮಾಷೆಗೆ ಅಂದದ್ದು. ಲಿಂಗರಾಜು ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಸೋಮವಾರ ಬೆಳಿಗ್ಗೆಯೇ, ಕಾಶಿವಾಕ್ಕೆ ಅರ್ಧ ಗಂಟೆ ದಾರಿಯಲ್ಲಿರುವ ಕಂಪನಿಯ ಶಾಖೆಗೆ ವರ್ಗಾವಣೆ ಕೋರಿ ಅರ್ಜಿ ಹಾಕಿದ. ಅರ್ಜಿಯನ್ನು ಎರಡೂ ಕೈಗಳಿಂದ ಸ್ವೀಕರಿಸಲಾಯಿತು. ಮೂರನೆಯ ದಿನ ಎರಡೂ ಕೈಗಳಿಂದ ಹಿಂತಿರುಗಿಸಲಾಯಿತು.

“ಲಿಂಗರಾಜು-ಸಾನ್, ಸುಮಿಮಾಸೆನ್,” ಎಂದು ಕ್ಷಮೆ ಕೇಳಿದರು ಪದ ವಿಭಾಗದ ಮುಖ್ಯಸ್ಥ ಕುಸಾನೋ-ಸಾನ್. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಮ್ಮೆಯೂ ದನಿ ಏರಿಸದ ಮನುಷ್ಯ. “ನಿಮ್ಮ ಹೆಸರಿನಲ್ಲಿ ಒಂದು ಪದ ಬಾಕಿ ಇದೆ.”

“ಯಾವ ಪದ?”

“ಕಾರ್.”

“ಕುಸಾನೋ-ಸಾನ್, ನಾವು ಮಾಡೋದೇ ಕಾರಿನ ಪಾರ್ಟ್ಸು. ಆ ಪದ ಹೇಗೆ ಬಾಕಿ ಉಳಿಯುತ್ತೆ?”

“ಆ ಕಾರ್ ಅಲ್ಲ. ಕೊನೆಯಲ್ಲಿ ಇನ್ನೊಂದು ಆರ್ ಇರುವ ಕಾರ್.”

ವಿಷಯ ಹೀಗಿತ್ತು. ಹಿಂದಿನ ವರ್ಷ ಇಂಗ್ಲೆಂಡಿನ ಗಿರಾಕಿಯೊಬ್ಬರಿಂದ ಪತ್ರ ಬಂದಿತ್ತು. ಅವರ ಊರಿನ ಹೆಸರು ಆಲ್ಡರ್ ಕಾರ್. ಕಂಪನಿಯ ಅನುವಾದ ತಂತ್ರಾಂಶ ಅದನ್ನು ‘ಆಲ್ಡರ್ ಮಾದರಿಯ ಮೋಟಾರು ಕಾರು’ ಎಂದು ಅನುವಾದಿಸಿತು. ವಿನ್ಯಾಸ ವಿಭಾಗದವರು ಆ ಕಾರಿಗಾಗಿ ಎರಡು ತಿಂಗಳು ಹುಡುಕಿ, ಸಿಗದೆ ಇದ್ದರೂ ಅದರ ಬಾಗಿಲಿಗೆ ಮೂರು ಬಗೆಯ ಕೀಲು ತಯಾರಿಸಿ ಕಳಿಸಿದರು. ಗಿರಾಕಿ ಇವು ಏನೆಂದು ಕೇಳಿ ಬರೆದರು. ಮೂಲ ಪತ್ರ ಪಡೆದುಕೊಂಡು ಮೊಹರು ಒತ್ತಿದವನು ಲಿಂಗರಾಜು. ಹೀಗಾಗಿ ಪದ ಅವನದಾಗಿತ್ತು.

ಅವನು ಒಂದು ವಾರ ರಜೆ ಹಾಕಿ ನಗೋಯಾದ ಗ್ರಂಥಾಲಯವೊಂದರಲ್ಲಿ ಕೂತ. ಪದದ ಚರಿತ್ರೆ ಸಿಕ್ಕಿತು. ಸುಮಾರು ಏಳುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಉತ್ತರ ಭಾಗದ ಜನ ಅದನ್ನು ‘ಕೆರ್’ ಎಂದು ಬರೆಯುತ್ತಿದ್ದರು. ಅದಕ್ಕೂ ಮೊದಲು ಸಮುದ್ರ ದಾಟಿ ಬಂದು ನೆಲೆಸಿದ ನಾರ್ಸ್ ಜನರ ಬಾಯಲ್ಲಿ ಅದು ‘ಕ್ಯಾರ್’; ಅಂದರೆ ಪೊದೆಗಾಡು. ನೀರು ನಿಂತ, ಕುರುಚಲು ಮರ ಬೆಳೆದ, ಉಳುವುದಕ್ಕೂ ಆಗದ, ದೋಣಿ ಬಿಡುವುದಕ್ಕೂ ಆಗದ ನೆಲಕ್ಕೆ ಆ ಹೆಸರು. ಮುಂದೆ ಜನ ಕಾಲುವೆ ತೋಡಿ ನೀರು ಬಸಿದರು. ನೆಲ ಒಣಗಿ ಹೊಲವಾಯಿತು. ಹೆಸರು ಮಾತ್ರ ಊರುಗಳ ಬಾಲಕ್ಕೆ ಅಂಟಿಕೊಂಡು ಉಳಿಯಿತು. ಮೋಟಾರು ಕಾರಿನ ‘ಕಾರ್’ ಲ್ಯಾಟಿನ್ ಭಾಷೆಯ ಬಂಡಿಯಿಂದ ಬಂದದ್ದು. ಎರಡಕ್ಕೂ ನೆಂಟಸ್ತಿಕೆಯಿಲ್ಲ.

ಇಷ್ಟನ್ನೂ ಲಿಂಗರಾಜು ನಮೂನೆ ಏಳರಲ್ಲಿ ಅಂದವಾಗಿ ಬರೆದ. ಕೊನೆಯ ಅಂಕಣ ಹೀಗಿತ್ತು: ‘ವರದಿಗಾರರ ಮಾತೃಭಾಷೆಯಲ್ಲಿ ಈ ಪದವನ್ನು ಹೋಲುವ ಪದವಿದ್ದರೆ ನಮೂದಿಸಿ.’ ಅವನು ಪ್ರಾಮಾಣಿಕ. ‘ಕೆರೆ. ನೀರು ನಿಲ್ಲುವ ಜಾಗ. ಹೋಲಿಕೆ ಕೇವಲ ಕಾಕತಾಳೀಯ, ಸಂಬಂಧವಿಲ್ಲ’ ಎಂದು ಬರೆದು ಸಹಿ ಹಾಕಿದ.

ಕುಸಾನೋ-ಸಾನ್ ವರದಿಯನ್ನು ಎರಡು ಸಲ ಓದಿದರು. “ಬಹಳ ಚೆನ್ನಾಗಿದೆ. ಮಾದರಿ ಎಲ್ಲಿ?”

“ಯಾವ ಮಾದರಿ?”

ಹದಿನಾಲ್ಕನೆಯ ನಿಯಮದ ಪ್ರಕಾರ, ವಸ್ತುವನ್ನು ಸೂಚಿಸುವ ಪ್ರತಿ ಪದಕ್ಕೂ ಆ ವಸ್ತುವಿನ ಮಾದರಿಯೊಂದನ್ನು ಕಂಪನಿಯ ಆವರಣದಲ್ಲಿ ಇರಿಸತಕ್ಕದ್ದು. ‘ಬೋಲ್ಟ್’ ಎಂಬ ಪದಕ್ಕೆ ಬೋಲ್ಟ್ ಇತ್ತು. ‘ರಸ್ತೆ’ಗೆ ಒಂದೂವರೆ ಅಡಿ ಟಾರು ಬೀರುವಿನಲ್ಲಿತ್ತು. ‘ಗಾಳಿ’ಗೆ ಮುಚ್ಚಳ ಬಿಗಿದ ಸೀಸೆ ಇತ್ತು, ಅದನ್ನು ಪ್ರತಿ ಏಪ್ರಿಲ್‌ನಲ್ಲಿ ಹೊಸ ಗಾಳಿಯಿಂದ ತುಂಬುತ್ತಿದ್ದರು.

“ಫೋಟೊ ಕೊಟ್ಟರೆ ಆಗಲ್ವಾ?” ಎಂದು ಕೇಳಿದ ಲಿಂಗರಾಜು.

“ಫೋಟೊ ಒದ್ದೆಯಾಗಿರುವುದಿಲ್ಲ,” ಎಂದರು ಕುಸಾನೋ-ಸಾನ್, ನಿಜವಾದ ವಿಷಾದದಿಂದ.

ಜೂನ್ ಹದಿನಾಲ್ಕರಂದು ಮೂರನೇ ಪಾರ್ಕಿಂಗ್‌ನಲ್ಲಿ ಎಂಟು ಕಾರು ನಿಲ್ಲುವಷ್ಟು ಜಾಗದ ಟಾರು ಕಿತ್ತು, ಮೊಣಕಾಲುದ್ದ ಅಗೆದು, ನೀರು ಬಿಡಲಾಯಿತು. ಇಂಗ್ಲೆಂಡಿನ ಜೌಗುಗಳಲ್ಲಿ ಬೆಳೆಯುವ ಆಲ್ಡರ್ ಮರದ ಜಪಾನಿ ಸೋದರನಾದ ಹನ್ನೋಕಿಯ ಹನ್ನೊಂದು ಸಸಿ ನೆಡಲಾಯಿತು. ಫಲಕ ಬಂತು: ‘ಇದು ಕಾರ್. ಇಲ್ಲಿ ಕಾರು ನಿಲ್ಲಿಸಬಾರದು.’ ಜಾಗ ಕಳೆದುಕೊಂಡ ಎಂಟು ನೌಕರರಿಗೆ ಕ್ಷಮಾಪಣೆ ಪತ್ರವನ್ನೂ ಒಂದೊಂದು ಜೊತೆ ರಬ್ಬರ್ ಬೂಟನ್ನೂ ಕೊಟ್ಟರು. ಕಪ್ಪೆಗಳು ತಾವಾಗಿಯೇ ಬಂದವು. ಅವುಗಳ ಉಲ್ಲೇಖ ನಮೂನೆಯಲ್ಲಿ ಇರಲಿಲ್ಲವಾದ್ದರಿಂದ ಗೇಟಿನ ಕಾವಲುಗಾರ ಅವನ್ನು ‘ಸಂದರ್ಶಕರು’ ಎಂದು ದಾಖಲಿಸಿ, ಸಂಜೆ ಐದಕ್ಕೆ ‘ಹೊರಗೆ ಹೋಗಿಲ್ಲ’ ಎಂದು ಷರಾ ಬರೆಯುತ್ತಿದ್ದ.

ಜುಲೈಯಲ್ಲಿ ಕೇಂದ್ರ ಕಚೇರಿಯಿಂದ ತಪಾಸಣಾಧಿಕಾರಿ ಹೊಂಜೋ-ಸಾನ್ ಬಂದರು. ಜೌಗಿನ ಸುತ್ತ ಒಂದು ಸುತ್ತು ಹಾಕಿ ಕೇಳಿದರು: “ಪದ ಮಧ್ಯಯುಗದ್ದು. ಮಾದರಿ ಯಾವ ಕಾಲದ್ದು?”

“ಜೂನ್ ಹದಿನಾಲ್ಕರದ್ದು,” ಎಂದ ಲಿಂಗರಾಜು.

ಒಂದು ಕಪ್ಪೆ ವಟಗುಟ್ಟಿತು. ಆಗ ಕುಸಾನೋ-ಸಾನ್ ಮುಂದೆ ಬಂದು, “ಮಣ್ಣು ಮೊದಲಿನಿಂದಲೂ ಇಲ್ಲೇ ಇತ್ತು. ನಾವು ಮೇಲಿನ ಟಾರನ್ನು ಮಾತ್ರ ತೆಗೆದೆವು,” ಎಂದರು. ಹೊಂಜೋ-ಸಾನ್ ಬಗ್ಗಿ ಮಣ್ಣನ್ನು ನೋಡಿದರು. ಅದು ಹಳೆಯದಾಗಿಯೇ ಕಾಣುತ್ತಿತ್ತು. ‘ಕ್ರಿ.ಶ. ೧೫೦೦ಕ್ಕಿಂತ ಹಿಂದಿನದು’ ಎಂಬ ಪ್ರಮಾಣಪತ್ರಕ್ಕೆ ಏಳು ಮೊಹರು ಬಿದ್ದವು.

ಪ್ರಮಾಣಪತ್ರ ಬಂದದ್ದೇ ತಡ, ಅದುವರೆಗೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದವರಿಗೆಲ್ಲ ಜೌಗು ಬೇಕಾಯಿತು. ಸಿಬ್ಬಂದಿ ವಿಭಾಗ ಅದನ್ನು ನೌಕರರ ಕ್ಷೇಮ ಸೌಲಭ್ಯ ಎಂದಿತು. ಮಾರಾಟ ವಿಭಾಗ ಗಿರಾಕಿಗಳನ್ನು ಕರೆತಂದು ತೋರಿಸಿತು. ಎದುರು ರಸ್ತೆಯ ಕಂಪನಿ ಇದಕ್ಕಿಂತ ದೊಡ್ಡ ಜೌಗು ಮಾಡೀತು ಎಂಬ ಭಯದಿಂದ ಎರಡನೇ ಪಾರ್ಕಿಂಗ್ ಅನ್ನೂ ಮುಂಜಾಗ್ರತೆಯಾಗಿ ಮುಳುಗಿಸಲಾಯಿತು. ನಿರ್ದೇಶಕರು ತಮ್ಮ ಬಳಕೆಗೆ ದೋಣಿ ತರಿಸಿದರು. ನೀರು ಸಾಲದೆ ಅದು ಕೆಸರಿನ ಮೇಲೆ ಕೂತಿತು. ಅವರು ಪ್ರತಿ ಶುಕ್ರವಾರ ಅದರಲ್ಲಿ ಕೂತು ಕಡತಗಳಿಗೆ ಸಹಿ ಹಾಕತೊಡಗಿದರು.

ಈಗ ಬಾಕಿಯೇನೂ ಉಳಿದಿಲ್ಲ ಎಂದು ಲಿಂಗರಾಜು ಮತ್ತೆ ಅರ್ಜಿ ಹಾಕಿದ. ಉತ್ತರವಾಗಿ ಈ ಪ್ರಕಟಣೆ ಬಂತು:

‘ಸಜೀವ ಮಾದರಿಗೆ ಪಾಲಕರೊಬ್ಬರು ಇರತಕ್ಕದ್ದು. ಸದರಿ ಪದವನ್ನು ಹೋಲುವ ಪದವನ್ನು ಮಾತೃಭಾಷೆಯಲ್ಲಿ ಹೊಂದಿರುವ ಏಕೈಕ ನೌಕರ ಶ್ರೀ ಲಿಂಗರಾಜು ಅವರಾಗಿರುವುದರಿಂದ ಅವರನ್ನು ಜೌಗು ಪಾಲಕರನ್ನಾಗಿ ನೇಮಿಸಿದೆ. ಪಾಲಕರು ಸತತ ಎರಡು ರಾತ್ರಿಗಿಂತ ಹೆಚ್ಚು ಕಾಲ ಜೌಗನ್ನು ಅಗಲತಕ್ಕದ್ದಲ್ಲ.’

“ಸಂಬಂಧವಿಲ್ಲ ಅಂತ ನಾನೇ ಬರೆದಿದ್ದೆನಲ್ಲ!” ಎಂದ ಲಿಂಗರಾಜು. ಆರು ವರ್ಷದಲ್ಲಿ ಅವನ ದನಿ ಏರಿದ್ದು ಅದೇ ಮೊದಲು.

“ಹೌದು. ಅದನ್ನು ಗಮನಿಸಲಾಗಿದೆ,” ಎಂದು ಕುಸಾನೋ-ಸಾನ್ ತಲೆ ಬಾಗಿಸಿದರು. ಬಹಳ ಹೊತ್ತು ಎತ್ತಲಿಲ್ಲ. ಅವರ ನೆತ್ತಿಯ ನರೆ ನೋಡಿ ಲಿಂಗರಾಜುವಿಗೆ ಮುಂದೆ ಜಗಳ ಮಾಡಲು ಮನಸ್ಸಾಗಲಿಲ್ಲ.

ಮನೆಗೆ ಬಂದು ಫೋನ್ ಮಾಡಿದ. ಅಪರ್ಣಾ ಪೂರ್ತಿ ಕೇಳಿಸಿಕೊಂಡಳು.

“ರೀ, ಕಪ್ಪೆ ನೋಡ್ಕೊಳ್ಳೋಕೆ ಇರ್ತೀರಿ, ಮಗಳನ್ನ ನೋಡ್ಕೊಳ್ಳೋಕೆ ಬರಲ್ಲ, ಅಷ್ಟೇ ತಾನೆ?”

“ಹಾಗಲ್ಲ ಅಪರ್ಣಾ. ರೂಲ್ ಹಾಗಿದೆ.”

“ನಾನೇ ಬಂದು ಆ ರೂಲ್ ನೋಡ್ತೀನಿ.”

ಶನಿವಾರ ಮಗಳನ್ನು ಕರೆದುಕೊಂಡು ಬಂದೇ ಬಂದಳು. ಜಗಳವಾಡಬೇಕೆಂದು ಬಂದವಳಿಗೆ ಕಾವಲುಗಾರ ಬೂಟು ಕೊಟ್ಟ. ಲಾಸ್ಯಾ ಕೆಸರಿಗಿಳಿದು ಅಪ್ಪನ ತೋಳು ಹಿಡಿದುಕೊಂಡು, “ಅಪ್ಪ, ಕಾಎರು! ಇನ್ನೊಂದು ಕಾಎರು!” ಎಂದು ಕಪ್ಪೆಗಳನ್ನು ಅವುಗಳ ಜಪಾನಿ ಹೆಸರು ಹಿಡಿದು ಕೂಗಿದಳು. ಆವತ್ತು ಸಂಜೆಯವರೆಗೆ ಅವನ ತೋಳು ಬಿಡಲಿಲ್ಲ. ಅಪರ್ಣಾ ಅವರಿಬ್ಬರನ್ನೂ ನೋಡುತ್ತ ನಿಂತಿದ್ದಳು. ಆಮೇಲೆ, ಕೈ ಸುಮ್ಮನಿರದೆ, ಬಾಟಲಿಯೊಂದರಲ್ಲಿ ನೀರು ತುಂಬಿಕೊಂಡಳು.

ಕಾಶಿವಾದಲ್ಲಿ ಅವಳ ಪ್ರೊಫೆಸರ್ ಆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಜೊತೆಗಿದ್ದ ಪ್ರಮಾಣಪತ್ರದ ನಕಲನ್ನೂ ನೋಡಿದರು.

“ನಗೋಯಾದಲ್ಲಿ ಮಧ್ಯಯುಗದ ಜೌಗು ಉಳಿದಿದೆಯೇ?”

“ಸರ್, ಅದನ್ನ ಜೂನ್‌ನಲ್ಲಿ ಅಗೆದಿದ್ದು. ನೀರು ನಲ್ಲಿಯದ್ದು,” ಎಂದಳು ಅಪರ್ಣಾ.

ಪ್ರೊಫೆಸರ್ ಮೊಹರುಗಳನ್ನು ಎಣಿಸಿದರು. “ಏಳಿವೆ,” ಎಂದರು. “ನಲ್ಲಿ ನೀರಿಗೆ ಇಷ್ಟು ಯಾರೂ ಹಾಕುವುದಿಲ್ಲ.”

ಎರಡು ವರ್ಷದ ಕ್ಷೇತ್ರಾಧ್ಯಯನ ಮಂಜೂರಾಯಿತು. ಕ್ಷೇತ್ರ, ಮೂರನೇ ಪಾರ್ಕಿಂಗ್. ಅಪರ್ಣಾ ಮೊದಲ ವರದಿಯಲ್ಲಿಯೇ ‘ಈ ನೀರಿನಲ್ಲಿ ಕ್ಲೋರಿನ್ ಇದೆ’ ಎಂದು ನಿಜವನ್ನೇ ಬರೆದಳು. ಮಧ್ಯಯುಗದಲ್ಲಿಯೇ ಕ್ಲೋರಿನ್ ಇತ್ತೆಂಬ ಶೋಧನೆಗಾಗಿ ವಿಭಾಗ ಅವಳನ್ನು ಅಭಿನಂದಿಸಿತು. ಅವಳು ಎರಡು ದಿನ ತಿದ್ದುಪಡಿ ಪತ್ರ ಬರೆದು, ಮೂರನೆಯ ದಿನ ಅದನ್ನು ಮಡಿಸಿಟ್ಟು ನಗೋಯಾದ ಮನೆಯ ಕಿಟಕಿಗಳಿಗೆ ಪರದೆ ಕೊಳ್ಳಲು ಹೋದಳು.

ಸೆಪ್ಟೆಂಬರ್‌ನಲ್ಲಿ ಲಾಸ್ಯಾಳನ್ನು ಹತ್ತಿರದ ಶಾಲೆಗೆ ಸೇರಿಸಲು ಮೂವರೂ ಹೋದರು. ತರಗತಿಯ ಶಿಕ್ಷಕಿ ಅರ್ಜಿ ತುಂಬಿಸುತ್ತ, ತಂದೆ ಏನು ಕೆಲಸ ಮಾಡುತ್ತಾರೆಂದು ಮಗುವನ್ನೇ ಕೇಳಿದರು.

“ಜೌಗು,” ಎಂದಳು ಲಾಸ್ಯಾ, ಅಚ್ಚ ಜಪಾನಿಯಲ್ಲಿ.

ಶಿಕ್ಷಕಿ ಪೆನ್ನು ಎತ್ತಿ, “ಸರ್ಕಾರದ್ದೋ ಖಾಸಗಿಯೋ?” ಎಂದು ಕೇಳಿದರು.

“ಖಾಸಗಿ,” ಎಂದ ಲಿಂಗರಾಜು.

“ಹಾಗಿದ್ದರೆ ಶನಿವಾರ ರಜೆ ಇರುತ್ತದೆ. ಒಳ್ಳೆಯದು,” ಎನ್ನುತ್ತ ಶಿಕ್ಷಕಿ ಬರೆದುಕೊಂಡು, ಮುಂದಿನ ಅಂಕಣಕ್ಕೆ ಹೋದರು.