ಪಿಕಪ್ಪಿನ ಹಿಂದೆ ಎತ್ತಿನ ಗಾಡಿ

ಇನ್ನು ಮೇಲೆ ನಮ್ಮ ಮನೆಯ ಕೊಬ್ಬರಿ ತಿಪಟೂರು ಮಾರ್ಕೆಟ್ಟಿಗೆ ಎತ್ತಿನ ಕಾಲಲ್ಲಿ ಹೋಗುವುದಿಲ್ಲ, ಎಂಜಿನ್ನಿನ ಬಲದಲ್ಲಿ ಹೋಗುತ್ತದೆ! ಹರಾಜಿನಲ್ಲಿ ಹಿಡಿದ ಹಳೇ ಪಿಕಪ್ಪಿನ ಮೂತಿಗೆ ಕುಂಕುಮ ಹಚ್ಚಿ, ಹಂದನಕೆರೆಯ ಬೀದಿಗೆಲ್ಲ ಕೇಳುವಂತೆ ಹೀಗೆ ಘೋಷಿಸಿದವನು ನಾನು. ನಾಲ್ಕನೇ ಕ್ಲಾಸಿಗೇ ಮೇಷ್ಟ್ರ ಜೊತೆ ಜಗಳವಾಡಿ ಎದ್ದು ಬಂದವನಿಗೆ ಬುದ್ಧಿ ಹೇಳುವ ಗಂಡು ಯಾರಿದ್ದಾನೆ?

ಪಿಕಪ್ಪು ತುಂಬಿಯೂ ಮೂಟೆ ಮಿಕ್ಕವು. ಮಿಕ್ಕಿದ್ದನ್ನು ಎತ್ತಿನ ಗಾಡಿಗೆ ಹೇರಿ, ನೊಗ ಬಿಚ್ಚಿ, ಗಾಡಿಯಿಂದ ಮುಂದಕ್ಕೆ ಚಾಚಿದ ಮರದ ಮೂಕಿಯನ್ನು ಪಿಕಪ್ಪಿನ ಹಿಂಭಾಗಕ್ಕೆ ಬಾವಿ ಹಗ್ಗದಲ್ಲಿ ಬಿಗಿದೆ. ಎತ್ತುಗಳಿಗೆ ರಜೆ ಮಂಜೂರು!

ಹೆಂಡತಿ ಹೊಂಬಾಳಮ್ಮ ಬಂದು ನಿಂತಳು. ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸಿ, ಇಲಿ ಓಡಿಸಿ, ಆ ಕೊಬ್ಬರಿಯನ್ನು ಮಗುವಿನಂತೆ ಸಾಕಿದವಳು ಅವಳು. ಇದನ್ನು ಮಾರಿದರೆ ಮನೆಗೆ ಕರೆಂಟು ಎಂದು ನಾನೇ ಮಾತು ಕೊಟ್ಟಿದ್ದೆ.

“ಏನ್ರೀ, ಗಾಡಿ ಭಾರ ಎಲ್ಲಾ ಹಿಂದಕ್ಕೇ ಐತೆ. ಮೂಟೆ ಮುಂದಕ್ಕೆ ಸರಿಸ್ರಿ.”

“ಹಿಂಭಾರ ಆದ್ರೆ ಎತ್ತಿನ ಕತ್ತು ಬಿಗೀತದೆ ಕಣೇ. ಎಂಜಿನ್‌ಗೆ ಕತ್ತೆಲ್ಲೈತೆ?”

“ಇದು ಎಷ್ಟು ಎಳೀತದೆ ಅಂತ ಯಾರನ್ನಾದ್ರೂ ಕೇಳಿದ್ರಾ?”

“ಬೆಟ್ಟಕ್ಕೆ ಕಟ್ಟಿದ್ರೆ ಬೆಟ್ಟ ಬತ್ತದೆ! ಸುಮ್ನೆ ಹತ್ತು.”

ಊರಾಚೆಯ ದಿಬ್ಬದಲ್ಲಿ ಗಾಡಿ ಹಿಂದಕ್ಕೆ ಜಗ್ಗಿತು, ಮೂಕಿ ಮೇಲಕ್ಕೆದ್ದಿತು, ಅದರೊಂದಿಗೆ ಪಿಕಪ್ಪಿನ ಬೆನ್ನೂ ಎದ್ದಿತು! ಹಿಂದಿನ ಚಕ್ರಗಳು ನೆಲ ಕಚ್ಚದೆ ಗಿರ್ರನೆ ತಿರುಗಿ ದೂಳೆಬ್ಬಿಸಿದವು.

“ಇಳಿದು ಮೂಟೆ ಇಳಿಸಾನ ಕಣ್ರೀ.”

“ಬಾಯಿ ಮುಚ್ಚೇ!” ಎಂದು ಸಿಟ್ಟನ್ನೆಲ್ಲ ಕಾಲಿಗಿಳಿಸಿ ಆಕ್ಸಿಲರೇಟರ್ ಒತ್ತಿದೆ. ಸುಟ್ಟ ವಾಸನೆ ಬಂತು. ಚಕ್ರ ಹೇಗೋ ನೆಲ ಕಚ್ಚಿ ದಿಬ್ಬವಂತೂ ಹತ್ತಿತು. “ನೋಡಿದ್ಯಾ?” ಎಂದು ಮೀಸೆ ತೀಡಿದೆ.

ಮೀಸೆಯಿಂದ ಕೈ ತೆಗೆಯುವಷ್ಟರಲ್ಲಿ ಇಳಿಜಾರು. ಎತ್ತಾದರೆ ಮೈ ಹಿಂದಕ್ಕೆ ಕೊಟ್ಟು ಗಾಡಿಯನ್ನು ತಡೆಯುತ್ತದೆ. ಇಲ್ಲಿ ಬ್ರೇಕು ತುಳಿದರೆ ಗಾಡಿಯೇ ನಮ್ಮನ್ನು ತಳ್ಳತೊಡಗಿತು! ಕೆರೆ ಏರಿಯ ಮೇಲೆ ಅದು ಅಡ್ಡಕ್ಕೆ ತಿರುಗಿ, ಮೂಕಿ ಲಟಕ್ಕನೆ ಮುರಿದು, ಮೂಟೆಗಳ ಸಮೇತ ಕೆರೆಗೆ ಮಗುಚಿತು. ಪಿಕಪ್ಪು ಏರಿಯ ಕಲ್ಲಿಗೆ ಗುದ್ದಿ ತನ್ನ ಮೂಟೆಗಳನ್ನೂ ನೀರಿಗೆ ಉರುಳಿಸಿತು. ವರ್ಷವಿಡೀ ಒಣಗಿದ್ದು ಒಂದು ಗಳಿಗೆಯಲ್ಲಿ ನೆನೆಯಿತು! ನೆನೆದ ಕೊಬ್ಬರಿಯನ್ನು ಯಾವ ಸಾಹುಕಾರ ಮುಟ್ಟುತ್ತಾನೆ?

ಹಿಂದೆ ಬಂದ ಲಾರಿಯ ಡ್ರೈವರ್ ಬಸವರಾಜಪ್ಪ ಇಳಿದು ನೋಡಿದ. “ಎಳೆಯೋದು ನೋಡಿ ಭಾರ ಕಟ್ತಾರೇನ್ರೀ ಯಜಮಾನ್ರೇ? ನಿಲ್ಸೋಕಾಯ್ತದಾ ಅಂತ ನೋಡ್ಬೇಕು. ಇಷ್ಟು ತಡೀತದೆ ಅಂತ ಯಾರ್ರೀ ನಿಮ್ಗೆ ಹೇಳಿದ್ದು?”

“ನೀನ್ಯಾವನ್ಲಾ ನಂಗೆ—” ಎಂದು ತೋಳೇರಿಸಿದೆ.

ಮೊಣಕಾಲುದ್ದ ನೀರಿನಲ್ಲಿ ನಿಂತು ಮಡಿಲಿಗೆ ಕೊಬ್ಬರಿ ತುಂಬಿಕೊಳ್ಳುತ್ತಿದ್ದ ಹೊಂಬಾಳಮ್ಮ ತಲೆ ಕೂಡ ಎತ್ತಲಿಲ್ಲ.

“ಯಾರೂ ಹೇಳಿಲ್ಲ ಬುಡಣ್ಣ. ಮದುವೆಯಾದಾಗಿಂದ ಅವ್ರು ಹೇರಿದ್ದನ್ನೆಲ್ಲ ಉಸಿರೆತ್ತದೆ ಎಳ್ಕೊಂಡು ಬಂದೆ ನೋಡು, ಈ ಪಿಕಪ್ಪೂ ನನ್ನಂಗೇ ಅಂದ್ಕೊಂಡವ್ರೆ.”

ಏರಿಸಿದ ತೋಳು ಇಳಿಸಿದೆ. ಪಂಚೆ ಎತ್ತಿ ಕಟ್ಟಿ ಮೆಲ್ಲಗೆ ನೀರಿಗೆ ಕಾಲಿಟ್ಟೆ.

“ನೀವು ಬರಬೇಡ್ರಿ,” ಎಂದಳು. “ನೀರು ಬಗ್ಗಡ ಆಯ್ತದೆ, ಉಳಿದಿರೋದೂ ಕಾಣಾಕಿಲ್ಲ.”