ಗೋಡೆಯ ಮೇಲೆ ಉಲ್ಟಾ ವಿನೋಬನಗರ

"ಇವತ್ತು ಸಂಜೆ ಒಳಗೆ ನನ್ ಮಗಳು ಮೂಗಿನ ಮ್ಯಾಲೆ ಬೆರಳಿಡ್ಲಿಲ್ಲ ಅಂದ್ರೆ, ನಾನು ಕತ್ತರಿ ಹಿಡಿಯೋದೇ ಬಿಡ್ತೀನಿ!"

ಭಾನುವಾರ ಮಧ್ಯಾಹ್ನ ಉಂಡ ಕೈ ಇನ್ನೂ ಆರಿರಲಿಲ್ಲ, ವಿನೋಬನಗರದ ಟೈಲರ್ ಖುದ್ದೂಸ್ ಈ ಘನಘೋರ ಪ್ರತಿಜ್ಞೆ ಮಾಡಿಬಿಟ್ಟ. ಹೆಂಡತಿ ರಶೀದಾ ತಟ್ಟೆ ಎತ್ತುತ್ತಾ, "ಈಗ ಹಿಡಿದು ಏನ್ ಕಡಿದು ಗುಡ್ಡೆ ಹಾಕೀರಿ? ವಕೀಲ್ರ ಕೋಟಿನ ಬಟ್ಟೆ ಬಂದು ತಿಂಗಳಾತು," ಎಂದಳು.

ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ವಾರ ಅವನು ಎಂಟು ವರ್ಷದ ಮಗಳು ಸಿಮ್ರಾನ್‌ಳನ್ನು ಹರಿಹರಕ್ಕೆ ಕರೆದೊಯ್ದು, ತುಂಗಭದ್ರೆಯ ಸೇತುವೆಯ ಮೇಲೆ ನಿಲ್ಲಿಸಿದ್ದ. ಮಳೆ ಆಗಷ್ಟೇ ನಿಂತಿತ್ತು. ಈ ದಡದಿಂದ ಆ ದಡಕ್ಕೆ ಕಾಮನಬಿಲ್ಲು! ಖುದ್ದೂಸ್ ಸೇತುವೆಯ ಕಂಬಿ ಹಿಡಿದು ತುದಿಗಾಲ ಮೇಲೆ ನಿಂತು ನೋಡಿದ. ಮಗಳು ಮಾತ್ರ ಒಂದು ಸಲ ಕತ್ತೆತ್ತಿ, "ಫಿಲ್ಟರ್ ಚೆನ್ನಾಗೈತೆ ಪಪ್ಪಾ," ಎಂದು ಮತ್ತೆ ಫೋನಿಗೆ ತಲೆ ಬಗ್ಗಿಸಿದಳು. ಎಂಟು ವರ್ಷಕ್ಕೇ ಪ್ರಪಂಚವನ್ನೆಲ್ಲ ನೋಡಿ ಮುಗಿಸಿದವಳ ಮುಖ! ಅದನ್ನು ಕಂಡು ಅವನಿಗೆ ನಿಜಕ್ಕೂ ಸಂಕಟವಾಯಿತು.

ಅವನು ಅವಳಷ್ಟಿದ್ದಾಗ ಹರಿಹರದಲ್ಲಿ ಅಪ್ಪನ ಹೊಲಿಗೆ ಅಂಗಡಿಯಿತ್ತು. ಮಧ್ಯಾಹ್ನ ಅಪ್ಪ ಬಾಗಿಲು ಹಾಕಿ ಅಡ್ಡಾದರೆ ಸಾಕು, ತಗಡಿನ ಬಾಗಿಲ ಮೊಳೆ ತೂತಿನಿಂದ ಬೆಳಕು ನುಸುಳಿ, ಎದುರು ಗೋಡೆಯ ಮೇಲೆ ಇಡೀ ಬಜಾರು ತಲೆಕೆಳಗಾಗಿ ಮೂಡುತ್ತಿತ್ತು. ಸೈಕಲ್ಲು, ಎಮ್ಮೆ, ಬಾಳೆಹಣ್ಣಿನ ಗಾಡಿ, ಎಲ್ಲವೂ ಕಾಲು ಮೇಲೆ ಮಾಡಿಕೊಂಡು ಸದ್ದಿಲ್ಲದೆ ತೇಲಿಹೋಗುತ್ತಿದ್ದವು. ಬಟ್ಟೆ ಚೂರುಗಳ ರಾಶಿಯ ಮೇಲೆ ಬಿದ್ದುಕೊಂಡು, ಎಚ್ಚರವೋ ನಿದ್ದೆಯೋ ತಿಳಿಯದೆ ಅವನು ಎಷ್ಟೋ ಮಧ್ಯಾಹ್ನ ಕಳೆದಿದ್ದ. ಆ ಐಶ್ವರ್ಯವನ್ನು ಮಗಳಿಗೆ ಕೊಡದೆ ಇನ್ಯಾರಿಗೆ ಕೊಡುವುದು!

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅದನ್ನು ಕಗ್ಗತ್ತಲೆ ಮಾಡಿದರಾಯಿತು. ಬಾಗಿಲ ಸಂದಿಗೆ ಕೌದಿ ಬಂತು, ಗವಾಕ್ಷಿಗೆ ಇಸ್ತ್ರಿ ಕಂಬಳಿ ಬಂತು. ರಶೀದಾಳ ಮದುವೆ ದುಪಟ್ಟಾಕ್ಕೂ ಕೈ ಹೋಯಿತು.

"ಮುಟ್ಟಿದ್ರೆ ನೋಡ್ರಿ!"

"ಇದ್ರಾಗೆ ವಿಜ್ಞಾನ ಐತೆ, ಸುಮ್ನಿರು!"

"ವಿಜ್ಞಾನಕ್ಕೆ ನನ್ ದುಪಟ್ಟಾನೇ ಬೇಕಾ?"

ದುಪಟ್ಟಾ ಪಾರಾಯಿತು. ಆದರೆ ದೊಡ್ಡ ಕಿಟಕಿ ಬಾಕಿ ಉಳಿಯಿತು. ಅದಕ್ಕೆ ತಕ್ಕ ಬಟ್ಟೆ ಮನೆಯಲ್ಲಿ ಒಂದೇ ಇತ್ತು. ವಕೀಲ ವಾಮದೇವಪ್ಪನವರ ಕರೀ ಕೋಟಿನದು!

"ಸುಮ್ನೆ ಕಟ್ತೀನಿ, ಆಮ್ಯಾಲೆ ಬಿಚ್ತೀನಿ. ಬಟ್ಟೆಗೇನಾಗ್ತೈತೆ?" ಎಂದು ತನಗೆ ತಾನೇ ಹೇಳಿಕೊಂಡು ಕಟ್ಟಿದ. ಕೋಣೆ ಕಾಡಿಗೆಯಾಯಿತು. ಬೆಳಕು ಬರಲು ಒಂದು ತೂತು ಬೇಡವೇ? ಇಪ್ಪತ್ತೈದು ವರ್ಷ ಕತ್ತರಿ ಹಿಡಿದ ಕೈ ತಲೆಯನ್ನು ಕೇಳಲು ಹೋಗಲಿಲ್ಲ. ಅಂಗಿ ಗುಂಡಿಯಷ್ಟು ಅಗಲಕ್ಕೆ, ಬಹಳ ಅಚ್ಚುಕಟ್ಟಾಗಿ, ಕಚಕ್!

"ಏನ್ರೀ ಅದು ಸದ್ದು?"

"ಏನಿಲ್ಲ."

ಕಣ್ಣು ಕತ್ತಲಿಗೆ ಒಗ್ಗುತ್ತಿದ್ದಂತೆ ಗೋಡೆಯ ಮೇಲೆ ಏನೋ ಮಿಸುಕಿತು. ಮೆಲ್ಲಗೆ ವಿನೋಬನಗರ ಮೂಡಿತು. ಎದುರಿನ ಖಾಲಿ ಸೈಟಿನ ಕಾಂಪೌಂಡು ತಲೆಕೆಳಗಾಗಿ ನಿಂತಿತು. ಒಂದು ಆಟೋ ಸೂರಿನ ಹತ್ತಿರ ಬೆನ್ನಡಿಯಾಗಿ ತೇಲಿತು. ಖುದ್ದೂಸ್ ಉಸಿರು ಬಿಗಿಹಿಡಿದು ಮಗಳ ಕಡೆ ತಿರುಗಿದ.

"ಉಲ್ಟಾ ಐತಲ್ಲ ಪಪ್ಪಾ. ರೊಟೇಟ್ ಲಾಕ್ ತೆಗಿ."

"ಇದಕ್ಕೆ ಮಿಶಿನ್ನೇ ಇಲ್ಲಮ್ಮಾ! ಬರೀ ಬೆಳಕು!"

"ಮತ್ತೆ ಸೀದಾ ಹೆಂಗೆ ಮಾಡೋದು?"

ಸೀದಾ ಮಾಡುವುದೆಂದರೆ ಒಂದೇ ದಾರಿ. ಹೊರಗಿರುವವನು ಉಲ್ಟಾ ನಿಂತರೆ ಗೋಡೆಯ ಮೇಲೆ ಸೀದಾ ಕಾಣುತ್ತಾನೆ. ಮಗಳಿಗಾಗಿ ಅಪ್ಪ ಅಷ್ಟೂ ಮಾಡದಿದ್ದರೆ ಹೇಗೆ? "ಗೋಡೆ ನೋಡ್ತಾ ಇರು!" ಎಂದು ಖುದ್ದೂಸ್ ಬೀದಿಗೆ ಧಾವಿಸಿದ. ಪಕ್ಕದ ಸೈಕಲ್ ಅಂಗಡಿಯ ನಯೀಮನ ಕೈಗೆ ತನ್ನೆರಡು ಕಾಲು ಕೊಟ್ಟು, ಕಾಂಪೌಂಡಿಗೆ ಆತು ತಲೆಯ ಮೇಲೆ ನಿಂತೇಬಿಟ್ಟ! ಜುಬ್ಬಾ ಜಾರಿ ಮುಖ ಮುಚ್ಚಿಕೊಂಡಿತು. ಹೊಟ್ಟೆ ಊರಿಗೆಲ್ಲ ಕಂಡಿತು.

ಕ್ಷಣದಲ್ಲಿ ಜನ ಸೇರಿದರು.

"ಏನಾತ್ರೀ ಸಾಬ್ರಿಗೆ?"

"ಬಿ.ಪಿ. ಇಳಿಸ್ತಾ ಇರಬೇಕು."

ಮೂಲೆಮನೆಯ ಸರೋಜಮ್ಮ ಫಿಟ್ಸ್ ಇರಬೇಕೆಂದು ಓಡಿಬಂದು ಕಬ್ಬಿಣದ ಬೀಗದ ಕೈ ಗೊಂಚಲನ್ನು ಅವನ ಅಂಗೈಗೆ ತುರುಕಿದರು. ಇನ್ನೊಬ್ಬರು ಒಂದು ಚೊಂಬು ನೀರು ಎರಚಿದರು. ಅದೇ ಹೊತ್ತಿಗೆ ಆಟೋದಿಂದ ವಾಮದೇವಪ್ಪ ಇಳಿದರು.

"ಖುದ್ದೂಸ್ ಸಾಬ್ರೆ, ನನ್ ಕೋಟು?"

"ನಾಳೆ ಟ್ರಯಲ್ಲಿಗೆ ಬರ್ರಿ ಸಾಹೇಬ್ರೆ!" ಎಂದಿತು ಜುಬ್ಬಾದ ಒಳಗಿನ ದನಿ. ತಲೆಕೆಳಗಾದರೂ ಟೈಲರ್ ಟೈಲರೇ!

ವಕೀಲರ ಕಣ್ಣು ಕಿಟಕಿಯ ಮೇಲೆ ಬಿತ್ತು. ಅಲ್ಲಿ ಅವರ ಬಟ್ಟೆ. ಬಟ್ಟೆಯ ನಟ್ಟನಡುವೆ ತೂತು! ಕೆಂಡವಾಗಿ ಅವರು ಅಂಗಡಿಯೊಳಗೆ ನುಗ್ಗಿದರು. ಬಾಗಿಲು ಮುಚ್ಚಿಕೊಂಡಿತು.

ಖುದ್ದೂಸ್ ಕೂಗಾಟಕ್ಕಾಗಿ ಕಾದ. ಒಂದು ನಿಮಿಷವಾಯಿತು, ಎರಡಾಯಿತು. ಒಳಗಿನಿಂದ ಪಿಟ್ಟೆಂಬ ಸದ್ದಿಲ್ಲ. ಅವನಿಗೆ ಕೂಗಾಟಕ್ಕಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಾಲು ಬಿಡಿಸಿಕೊಂಡು, ಮೈಮೇಲಿನ ನೀರನ್ನೂ ಒರೆಸದೆ ಒಳಗೋಡಿದ.

"ಬಾಗ್ಲು ಹಾಕು ಪಪ್ಪಾ! ಆಕಾಶ ಹೊಂಟೋಗ್ತೈತೆ!"

ಅವನು ಗಕ್ಕನೆ ಬಾಗಿಲು ಹಾಕಿದ. ಸಿಮ್ರಾನ್ ಬಟ್ಟೆ ಚೂರುಗಳ ಮೇಲೆ ಕೂತು, ಗೋಡೆಯ ಬುಡಕ್ಕೆ ಕಾಲು ಚಾಚಿದ್ದಳು. ಊರು ಮೇಲೆ ಹೋದ ಮೇಲೆ ಆಕಾಶ ಕೆಳಗೆ ಬರಲೇಬೇಕಲ್ಲ! ಒಂದು ಬಿಳಿ ಮೋಡ ಅವಳ ಹೆಬ್ಬೆರಳು ಹತ್ತಿ, ಪಾದ ದಾಟಿ, ಗೆಜ್ಜೆಯ ಮೇಲೆ ನಿಧಾನವಾಗಿ ಸಾಗುತ್ತಿತ್ತು. ಅವಳ ಬಾಯಿ ತೆರೆದಿತ್ತು. ಬೆರಳು ತಾನಾಗಿಯೇ ಮೂಗಿನ ಮೇಲೆ ಹೋಗಿತ್ತು. ಪಕ್ಕದಲ್ಲಿ ರಶೀದಾ ಮೋಡಕ್ಕೆ ಉಡಿಯೊಡ್ಡಿ ಕೂತಿದ್ದಳು. ಅವಳಾಚೆ ವಾಮದೇವಪ್ಪ ಚಪ್ಪಲಿ ಬಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ್ದರು.

"ಹೊಸ ಬಟ್ಟೆ ನೀವೇ ತರಬೇಕು, ಅದ್ರಾಗೆ ಎರಡು ಮಾತಿಲ್ಲ," ಎಂದು ವಕೀಲರು ಪಿಸುಗುಟ್ಟಿದರು. "ಈಗ ಕೂಡ್ರಿ. ಅಗೋ, ಹಕ್ಕಿ ಬಂತು!"

ಖುದ್ದೂಸನ ಎದೆ ಉಬ್ಬಿತು. ಮಗಳ ಪಕ್ಕ ಕೂತು ಮೆಲ್ಲಗೆ ಕೇಳಿದ, "ಹೆಂಗಿತ್ತಮ್ಮಾ?"

ಮೋಡದಿಂದ ಕಣ್ಣು ಕೀಳದೆಯೇ ಅವಳು ಹೇಳಿದಳು, "ಎಷ್ಟ್ ಚೆಂದ ಎಲ್ಲಾರೂ ಉಲ್ಟಾ ತೇಲ್ತಿದ್ರು ಪಪ್ಪಾ! ಯಾರೋ ಒಬ್ಬ ಮಾತ್ರ ಮಧ್ಯ ಸೀದಾ ನಿಂತು ಎಲ್ಲಾ ಕೆಡಿಸ್ಬಿಟ್ಟ!"

ಖುದ್ದೂಸ್ ನೆತ್ತಿಗೆ ಮೆತ್ತಿದ್ದ ಕೆಸರನ್ನು ಸದ್ದಿಲ್ಲದೆ ಒರೆಸಿಕೊಂಡ. "ಹೌದಾ? ಯಾವನೋ ಹುಚ್ಚ ಇರಬೇಕು ಬಿಡಮ್ಮಾ."